ಮೂರು ಬೆರಳು

ವಿಭೂತಿ ಹಚ್ಚಿಕೊಳ್ಳಲು ಎತ್ತಿದ ಮೂರು ಬೆರಳು ಹಣೆ ಮುಟ್ಟುವ ಮೊದಲೇ ಪ್ರಭುದೇವನಿಗೆ ಮಹಡಿಯ ಮೇಲೆ ಆ ಫ್ಯಾನಿನ ಸದ್ದು ಕೇಳಿಸಿತು. ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಗೊರಗೊರ, ಆಮೇಲೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಕೈಲಾಸ ಎದ್ದ, ಎಂದುಕೊಂಡ. ಎಂದುಕೊಂಡ ಮೇಲೆ, ತಮ್ಮ ಸತ್ತು ಎರಡು ವರ್ಷವಾಯಿತೆಂಬುದು ನೆನಪಾಯಿತು. ಹೀಗೆ ಅರ್ಧ ಕ್ಷಣ ಮೋಸಹೋಗುವುದು ಅವನಿಗೆ ಹೊಸದಲ್ಲ. ಚಿಕ್ಕಪೇಟೆಯ ಅಂಗಡಿಯಲ್ಲಿ ಸೀರೆ ಮಡಿಸುವಾಗ ಇನ್ನೊಂದು ತುದಿಯನ್ನು ತಮ್ಮ ಹಿಡಿಯುತ್ತಾನೆಂದು ಚಾಚಿದ ಕೈ ಚಾಚಿದಂತೆಯೇ ನಿಂತು, ಎದುರಿಗಿದ್ದ ಹೆಂಗಸರು ಮುಖ ಮುಖ ನೋಡಿಕೊಂಡದ್ದುಂಟು. ಆದರೆ ಈ ಸದ್ದು ನಿಜವಾಗಿ ಕೇಳುತ್ತಿತ್ತು. ಎಡ ಅಂಗೈಯಲ್ಲಿ ಲಿಂಗವಿತ್ತು, ದೃಷ್ಟಿ ಅದರ ಮೇಲಿರಬೇಕಾಗಿತ್ತು. ಅದು ಬಲಗೈಯ ಬೆರಳುಗಳ ಮೇಲೆ ನೆಟ್ಟಿತ್ತು. ಐವತ್ತೆರಡು ವರ್ಷದ, ರೇಷ್ಮೆ ಸವರಿ ಸವರಿ ನುಣುಪಾದ, ಯಾರಿಗೂ ಕೆಡುಕು ಮಾಡದವನ ಬೆರಳಿನಂತೆ ಕಾಣುವ ಬೆರಳುಗಳು. ಪೂಜೆ ಮುಗಿಸಿ ಬಚ್ಚಲಿಗೆ ಹೋಗಿ ತೊಳೆದ. ಮತ್ತೆ ತೊಳೆದ. ಹೆಂಡತಿ ಶಿವರಂಜಿನಿ ತವರಿನ ಮದುವೆಗೆಂದು ತುಮಕೂರಿಗೆ ಹೋಗಿದ್ದಳು, ಇಲ್ಲದಿದ್ದರೆ ಇಷ್ಟು ಹೊತ್ತು ನೀರು ಬಿಟ್ಟುಕೊಂಡು ಏನು ಮಾಡುತ್ತಿದ್ದೀರಿ ಎಂದು ಕೇಳಿಯೇ ಕೇಳುತ್ತಿದ್ದಳು.

ಹಿಂದಿನ ಸಂಜೆ ಕೈಲಾಸನ ಮಗಳು ಶರಣ್ಯ ಮೆಟ್ಟಿಲ ಮೇಲೆ ಸಿಕ್ಕಿ ಹೇಳಿದ್ದಳು. "ದೊಡ್ಡಪ್ಪ, ನಾಳೆ ಅಪ್ಪನ ಕಂಪ್ಯೂಟರ್ ಆನ್ ಮಾಡ್ತೀನಿ. ಒಂದೇ ಒಂದ್ಸಲ ನಾಲ್ಕು ಪಾಯಿಂಟ್ ಆರು ಮುಟ್ಟಿಸ್ಬೇಕು. ಆಗ್ಲಿಲ್ಲ ಅಂದ್ರೆ ಪೂರ್ತಿ ಬಿಚ್ಚಿ ನೋಡ್ತೀನಿ." ಪ್ರಭುದೇವ ತಟ್ಟನೆ, "ಅದನ್ನ ಗುಜರಿಗೆ ಹಾಕಮ್ಮ, ಹೊಸದು ನಾನ್ ಕೊಡಿಸ್ತೀನಿ" ಎಂದುಬಿಟ್ಟಿದ್ದ. ತೀರ ತಟ್ಟನೆ. ಹುಡುಗಿ ಒಂದು ಕ್ಷಣ ಅವನ ಮುಖ ನೋಡಿ, "ಹೊಸದು ಯಾರಿಗ್ ಬೇಕು? ನಂಗೆ ಅಪ್ಪನ ನಂಬರ್ ಬೇಕು" ಎಂದು ಮೆಟ್ಟಿಲು ಹತ್ತಿಹೋಗಿದ್ದಳು. ನಾಲ್ಕು ಪಾಯಿಂಟ್ ಆರು. ಆ ಸಂಖ್ಯೆ ಅವನಿಗೆ ಮನೆಯ ಬಾಗಿಲ ಸಂಖ್ಯೆಗಿಂತ ಚೆನ್ನಾಗಿ ಗೊತ್ತು. ಕಂಪನಿಯವರು ಆ ಯಂತ್ರದ ಪ್ರೊಸೆಸರಿಗೆ ಕಟ್ಟಿ ಕಳಿಸಿದ್ದ ವೇಗ ಮೂರು ಪಾಯಿಂಟ್ ನಾಲ್ಕು ಗಿಗಾಹರ್ಟ್ಸ್. ವೋಲ್ಟೇಜನ್ನು ಕೂದಲೆಳೆಯಷ್ಟು ಏರಿಸುತ್ತ, ಕಾವನ್ನು ನೋಡಿಕೊಳ್ಳುತ್ತ ಅದನ್ನೇ ಇನ್ನೂ ಜೋರಾಗಿ ಓಡಿಸಬಹುದು, ಅದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ ಎಂದು ಕೈಲಾಸ ಒಮ್ಮೆ ಊಟಕ್ಕೆ ಕೂತಾಗ ವಿವರಿಸಿದ್ದ. "ಕಂಪನಿಯವ್ರಿಗಿಂತ ನಿಂಗೆ ಜಾಸ್ತಿ ಗೊತ್ತೇನೋ?" ಎಂದು ಪ್ರಭುದೇವ ನಕ್ಕಿದ್ದ. "ಅವ್ರು ಎಲ್ಲಾರ್ಗೂ ಸೇರಿಸಿ ಒಂದೇ ಅಳತೆ ಹೇಳ್ತಾರೆ ಅಣ್ಣ. ಒಂದೊಂದ್ರಲ್ಲೂ ಎಷ್ಟಿದೆ ಅಂತ ಅವ್ರಿಗೂ ಗೊತ್ತಿರಲ್ಲ" ಎಂದು ಕೈಲಾಸ ಅನ್ನ ಕಲಸುತ್ತ ಹೇಳಿದ್ದ. ಅಪ್ಪ ನಂಜಪ್ಪನವರು ಮಜ್ಜಿಗೆ ಕುಡಿದು ಎದ್ದುಹೋಗಿದ್ದರು.

ಈಗ ಪ್ರಭುದೇವ ಒಂದೊಂದೇ ಮೆಟ್ಟಿಲು ಹತ್ತಿದ. ಚಾಮರಾಜಪೇಟೆಯ ಆ ಹಳೆಯ ಮನೆಯ ಮೆಟ್ಟಿಲು ಕಲ್ಲಿನದು, ನಡುವೆ ಸವೆದು ತಗ್ಗಾದದ್ದು. ಆ ತಗ್ಗಿನಲ್ಲೇ ಕಾಲಿಡಬೇಕು. ಹದಿಮೂರು ವರ್ಷದ ಹಿಂದಿನ ಆ ಬೆಳಿಗ್ಗೆಯೂ ಪೂಜೆ ಮುಗಿಸಿ, ಕೈ ತೊಳೆಯದೆ, ಇದೇ ಮೆಟ್ಟಿಲು ಹತ್ತಿದ್ದ. ಕೈಲಾಸ ಅಂಗಡಿ ಬಿಟ್ಟು ಆರು ತಿಂಗಳಾಗಿತ್ತು. ಸೀರೆ ಮಾರುವುದು ತನ್ನಿಂದಾಗದು, ಜನರಿಗೆ ಬೇಕಾದ ಹಾಗೆ ಕಂಪ್ಯೂಟರ್ ಕಟ್ಟಿಕೊಡುತ್ತೇನೆ ಎಂದು ಮಹಡಿಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡಿದ್ದ. ಎಸ್.ಪಿ. ರಸ್ತೆಯಿಂದ ಒಂದೊಂದೇ ಬಿಡಿಭಾಗ ತಂದು ಕಟ್ಟುತ್ತಿದ್ದ ಮೊದಲ ಯಂತ್ರ ಅದು, ಬಂದವರಿಗೆ ತೋರಿಸಲಿಕ್ಕೆ. ಪ್ರಭುದೇವ ಒಳಗೆ ಹೋದಾಗ ಕೈಲಾಸ ಇರಲಿಲ್ಲ; ಗೆಳೆಯ ಸುಮನ್ ಬಂದನೆಂದು ಗೇಟು ತೆಗೆಯಲು ಹಿಂದಿನ ಮೆಟ್ಟಿಲಿಳಿದಿದ್ದ. ಮೇಜಿನ ಮೇಲೆ ಮದರ್‌ಬೋರ್ಡಿನ ಕಪ್ಪು ಹಲಗೆ ಅಂಗಾತ ಮಲಗಿತ್ತು. ಆ ಮನೆಯಲ್ಲಿ ಹೊಸದು ಯಾವುದೇ ಬರಲಿ, ತಕ್ಕಡಿಯೋ ತಿಜೋರಿಯೋ ಸ್ಕೂಟರೋ, ಮೊದಲು ಹಿರಿಯನ ಕೈಯ ವಿಭೂತಿ ಬೀಳಬೇಕು, ಆಮೇಲೆ ಕೆಲಸಕ್ಕೆ. ಅಪ್ಪನ ಕೈ ನಡುಗತೊಡಗಿದ ಮೇಲೆ ಆ ಕೆಲಸ ಪ್ರಭುದೇವನದಾಗಿತ್ತು. ಅಂಗಡಿ ಬಿಟ್ಟ ತಮ್ಮನ ಮೇಲೆ ಸಿಟ್ಟಿತ್ತು, ನಿಜ. ಆದರೆ ಆ ಗಳಿಗೆಯಲ್ಲಿ ಇರಲಿಲ್ಲ. ಇದನ್ನು ಅವನು ಹದಿಮೂರು ವರ್ಷದಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದಾನೆ: ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಇದ್ದದ್ದು ಪ್ರೀತಿ. ಹುಡುಗ ಮುಂದೆ ಬರಲಿ ಎಂಬುದೊಂದೇ. ಇದರ ಹಣೆ ಎಲ್ಲಿ ಎಂದು ಹಲಗೆಯನ್ನು ನೋಡಿದ. ನಟ್ಟನಡುವೆ ಒಂದು ಕಬ್ಬಿಣದ ಮುಚ್ಚಳ ತೆರೆದುಕೊಂಡು, ಅದರೊಳಗೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಬಂಗಾರದ ಚೌಕವೊಂದು ಹೊಳೆಯುತ್ತಿತ್ತು. ಅದೇ ಇರಬೇಕು. ಶಿವಾ ಎಂದು ಮೂರು ಬೆರಳಿಟ್ಟು ಎಳೆದ.

ಎಳೆಯುವಾಗಲೇ ಗೊತ್ತಾಯಿತು. ಮಖಮಲ್ಲನ್ನು ಎದುರುಗೂದಲಿಗೆ ಸವರಿದರೆ ಬೆರಳಿಗೆ ಹೇಗೆ ತಿಳಿಯುತ್ತದೋ ಹಾಗೆ. ಬಗ್ಗಿ ನೋಡಿದ. ಅದು ಚೌಕವಲ್ಲ, ಸಾವಿರ ಸಣ್ಣ ಬಂಗಾರದ ತಂತಿ, ಕೂದಲಿನ ಹಾಗೆ. ಒಂದು ಮೂಲೆಯಲ್ಲಿ ಎರಡು ಮೂರು ಕೂದಲು ಉಳಿದವುಗಳ ಹಾಗೆ ನಿಂತಿರಲಿಲ್ಲ. ಉಫ್ ಎಂದು ಊದಿದ. ಬೂದಿ ಸ್ವಲ್ಪ ಹಾರಿತು, ಕೂದಲು ಏಳಲಿಲ್ಲ. ಅಷ್ಟರಲ್ಲಿ ಸುಮನ್‌ನ ಜೊತೆ ಕೈಲಾಸ ಬಂದವನೇ, "ಅಣ್ಣಾ! ಅದನ್ನ ಮುಟ್ಬೇಡ. ಮುಟ್ಟಿದ್ಯಾ?" ಎಂದು ಕೂಗಿದ. "ಇಲ್ಲ ಕಣೋ" ಎಂಬ ಮಾತು ಅವನು ಯೋಚಿಸುವ ಮೊದಲೇ ಹೊರಬಿತ್ತು. ಕೂಗದೆ ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಸುಮನ್ ನಕ್ಕು, "ಅಣ್ಣ ಅಂಚು ಬಾರ್ಡರ್ ನೋಡ್ತಿದ್ರು ಅನ್ಸುತ್ತೆ ಮಗಾ" ಎಂದ. ಕೈಲಾಸನೂ ನಕ್ಕ. ಒಂದೇ ಒಂದು ನಗು, ಕೆಟ್ಟ ನಗುವೂ ಅಲ್ಲ. ಆದರೆ ಪ್ರಭುದೇವನ ಬಾಯಲ್ಲಿ ಆಗಲೇ ರೂಪಗೊಂಡಿದ್ದ ಮಾತು, 'ವಿಭೂತಿ ಹಚ್ದೆ, ಒಂದ್ಸಲ ನೋಡು' ಎಂಬ ಅಷ್ಟೇ ಅಷ್ಟು ಮಾತು, ಆ ನಗುವಿಗೆ ತಡೆದು ಒಳಗೇ ಕೂತಿತು. ಕೈಲಾಸ ಸುಮನ್‌ನ ಜೊತೆ ಮಾತಾಡುತ್ತಲೇ ಪ್ರೊಸೆಸರನ್ನು ಚೌಕದ ಮೇಲಿಟ್ಟು, ನೋಡದೆ, ಪಕ್ಕದ ಸರಳನ್ನು ಒತ್ತಿ ಮುಚ್ಚಿಬಿಟ್ಟ. ಕಟಕ್ ಎಂದಿತು. ಈಗಲೂ ಯಾರಾದರೂ ಪೆಟ್ಟಿಗೆಯ ಕೊಂಡಿ ಹಾಕಿದರೆ ಪ್ರಭುದೇವನ ಕತ್ತು ತಾನಾಗಿ ಆ ಕಡೆ ತಿರುಗುತ್ತದೆ.

"ಬನ್ನಿ ದೊಡ್ಡಪ್ಪ. ಓಡೋಕ್ ಶುರುವಾಗಿ ಹತ್ತೊಂಬತ್ತು ನಿಮಿಷ ಆಯ್ತು" ಎಂದಳು ಶರಣ್ಯ, ಅವನು ಬಾಗಿಲಿಗೆ ಬರುತ್ತಲೇ. ಅದೇ ಮೇಜು, ಅದೇ ಕುರ್ಚಿ. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗಿ, ಕೂದಲನ್ನು ಪೆನ್ಸಿಲ್ಲಿಗೆ ಸುತ್ತಿಕೊಂಡು, ಅಪ್ಪನ ಹಾಗೆಯೇ ಒಂದು ಕಾಲು ಮಡಚಿ ಕೂತಿದ್ದಳು. ಮೇಜಿನ ಮೇಲೆ ಕೈಲಾಸನ ನೀಲಿ ರಟ್ಟಿನ ನೋಟ್‌ಬುಕ್ ತೆರೆದಿತ್ತು. ಪ್ರತಿ ಪ್ರಯತ್ನಕ್ಕೂ ಒಂದು ಸಾಲು: ಎಷ್ಟು ವೇಗ, ಎಷ್ಟು ವೋಲ್ಟೇಜ್, ಎಷ್ಟು ಕಾವು, ಎಷ್ಟು ನಿಮಿಷ ಓಡಿತು. ಪುಟಗಟ್ಟಲೆ ಸಾಲು. ಪ್ರತಿ ಸಾಲಿನ ಕೊನೆಗೂ ಒಂದೇ ಪದ: ನಿಂತಿತು. ಇಪ್ಪತ್ತಾರು ನಿಮಿಷ, ನಿಂತಿತು. ಇಪ್ಪತ್ತೊಂದು ನಿಮಿಷ, ನಿಂತಿತು. ಪ್ರಭುದೇವ ಆ ಪುಟಗಳ ಮೇಲೆ ಕಣ್ಣು ನಿಲ್ಲಿಸಲಾರದೆ ಕಿಟಕಿಯ ಹೊರಗೆ ನೋಡಿದ. ಎದುರು ಮನೆಯವರು ಕಾರು ತೊಳೆಯುತ್ತಿದ್ದರು. ಪರದೆ ತಟ್ಟನೆ ನೀಲಿಯಾಗಿ ಯಂತ್ರ ನಿಂತಿತು. "ಇಪ್ಪತ್ಮೂರು" ಎಂದಳು ಶರಣ್ಯ, ಬೇಸರವೇ ಇಲ್ಲದ ದನಿಯಲ್ಲಿ. "ಅರ್ಧ ಗಂಟೆ ದಾಟಿದ್ದೇ ಇಲ್ಲ. ಒಂದ್ಸಲಾನೂ ಇಲ್ಲ. ಕಾವು ಸರಿಯಾಗಿದೆ, ವೋಲ್ಟೇಜ್ ಸರಿಯಾಗಿದೆ. ಅಪ್ಪ ಎಲ್ಲಾ ಸರಿಯಾಗೇ ಮಾಡಿದಾನೆ. ಮತ್ತೆ ಯಾಕೆ?" ಕೇಳಿದ್ದು ಯಂತ್ರವನ್ನು. ಆದರೂ ಪ್ರಭುದೇವ, "ನಂಗೇನ್ ಗೊತ್ತಮ್ಮ" ಎಂದ.

ಗಾಂಧಿ ಬಜಾರಿನಲ್ಲಿ ಸ್ಟುಡಿಯೋ ಇಟ್ಟಿದ್ದ ಶಂಭುಲಿಂಗಪ್ಪನವರ ಎದುರಿಗೂ ಅಂದು ಪರದೆ ಹೀಗೆಯೇ ನೀಲಿಯಾಗಿತ್ತು. ಮದುವೆ ವಿಡಿಯೋ ಕೆಲಸಕ್ಕೆ ಹತ್ತು ಯಂತ್ರ ಬೇಕೆಂದು ಬಂದವರು, ಅಪ್ಪನ ಕಾಲದ ಪರಿಚಯ, ದೊಡ್ಡ ಮನುಷ್ಯರು. ಕೈಲಾಸ ಇಸ್ತ್ರಿಯ ಅಂಗಿ ಹಾಕಿಕೊಂಡು ನಿಂತು, ಒಂದು ಗಂಟೆಯ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯುವುದನ್ನು ತೋರಿಸುತ್ತೇನೆ ಎಂದಿದ್ದ. ಅಪ್ಪ ಗೋಡೆಗೊರಗಿ ಕೂತಿದ್ದರು. ಪ್ರಭುದೇವ ಕಾಫಿ ಲೋಟದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎರಡು ಸಲ ನಿಂತಿತು. ಮೂರನೆಯ ಸಲ ಕೈಲಾಸನ ಕಂಕುಳು ಒದ್ದೆಯಾದದ್ದು ಕಾಣಿಸಿತು. "ಇರ್ಲಿ ಬಿಡಪ್ಪಾ, ಆಮೇಲ್ ನೋಡಣ" ಎಂದು ಶಂಭುಲಿಂಗಪ್ಪ ಬೆನ್ನು ತಟ್ಟಿ ಎದ್ದರು; ಆ ತಟ್ಟುವಿಕೆಯಷ್ಟು ಹೀನಾಯವಾದದ್ದನ್ನು ಪ್ರಭುದೇವ ಕಂಡಿರಲಿಲ್ಲ. ಆಗಲೂ ಹೇಳಬಹುದಿತ್ತು. ಆ ರಾತ್ರಿ, ಮರುದಿನ, ಮುಂದಿನ ವಾರ. ಕೈಲಾಸ ಊಟ ಬಿಟ್ಟು ವೋಲ್ಟೇಜಿನ ಲೆಕ್ಕ ಬರೆಯುತ್ತಿದ್ದ ತಿಂಗಳುಗಳಲ್ಲಿ ಯಾವತ್ತು ಬೇಕಾದರೂ. ಆದರೆ ದಿನ ಕಳೆದಂತೆ ಹೇಳುವ ಮಾತಿನ ತೂಕ ಹೆಚ್ಚಿತು, ಮತ್ತು ಅಂಗಡಿಯಲ್ಲಿ ಆಳುಗಳು ನಿಲ್ಲುತ್ತಿರಲಿಲ್ಲ, ಪ್ರಭುದೇವ ಒಂಟಿಯಾಗಿದ್ದ. ಒಂದು ದಿನ ಅಪ್ಪ, "ಸಾಕು, ಅಂಗಡಿಗೆ ಬಾ" ಎಂದರು. ಕೈಲಾಸ ಬಂದ. ಗಲ್ಲಾದ ಪಕ್ಕ ತಮ್ಮನಿಗೊಂದು ಮೆತ್ತೆ ಹಾಕಿಸುವಾಗ ಪ್ರಭುದೇವನಿಗೆ ಸಂತೋಷವಾಗಿತ್ತು. ಬಚ್ಚಿಟ್ಟ ಸಂತೋಷವಲ್ಲ, ಬಾಯ್ತುಂಬ ನಗುವಂಥ ಸಂತೋಷ. ಅವನನ್ನು ಇಷ್ಟು ವರ್ಷ ಸುಟ್ಟದ್ದು ಬಾಗಿದ ತಂತಿಗಿಂತ ಹೆಚ್ಚಾಗಿ ಆ ಸಂತೋಷವೇ.

ಶರಣ್ಯ ಪ್ಲಗ್ ಕಿತ್ತು, ಯಂತ್ರವನ್ನು ಅಡ್ಡ ಮಲಗಿಸಿ, ತಿರುಪುಗಳನ್ನು ಬಿಚ್ಚತೊಡಗಿದಳು. ಫ್ಯಾನು ಬಂತು. ಅದರಡಿಯ ಒಣಗಿದ ಬಿಳಿ ಅಂಟನ್ನು ಹತ್ತಿಯಿಂದ ಒರೆಸಿದಳು. ಸರಳು ಎತ್ತಿದಳು; ಅದೇ ಕಟಕ್. ಪ್ರೊಸೆಸರನ್ನು ಉಗುರಿನಲ್ಲಿ ಮೀಟಿ ಮಗುಚಿ ಹಿಡಿದವಳು, "ಅಮ್ಮಾ! ಅಮ್ಮಾ, ಇಲ್ ಬಾ" ಎಂದು ಕೂಗಿದಳು. ಅಡುಗೆಮನೆಯಿಂದ ಮಹಾನಂದ ಕೈ ಒರೆಸಿಕೊಳ್ಳುತ್ತ ಬಂದಳು. ಪ್ರೊಸೆಸರಿನ ಹೊಟ್ಟೆಯ ಮೇಲೆ, ಚುಕ್ಕೆ ಚುಕ್ಕೆಯ ಬಂಗಾರದ ನಡುವೆ, ಮಾಸಿದ ಬೂದಿಯ ಮೂರು ಗೆರೆ. "ಅಪ್ಪ ವಿಭೂತಿ ಹಚ್ಚಿದಾನೆ! ಸಾಕೆಟ್ ಒಳಗೆ!" ಎಂದು ಶರಣ್ಯ ನಕ್ಕಳು, ನಗುತ್ತಲೇ ಸಾಕೆಟ್ಟಿನ, ಎಂದರೆ ಆ ಬಂಗಾರದ ಚೌಕದ, ಮೇಲೆ ಮೊಬೈಲಿನ ಬೆಳಕು ಬಿಟ್ಟವಳ ನಗು ನಿಂತಿತು. "ಅಯ್ಯೋ. ಪಿನ್ ಬಗ್ಗಿದೆ. ಹಚ್ಚೋವಾಗ ಬಗ್ಸಿದಾನೆ. ಇದು ಸರಿಯಾಗಿ ತಾಗ್ತಿಲ್ಲ ದೊಡ್ಡಪ್ಪ. ಸುಮ್ನೆ ಓಡೋವಾಗ ಹೆಂಗೋ ನಡ್ದೋಗುತ್ತೆ, ಜಾಸ್ತಿ ಕರೆಂಟ್ ಕೇಳ್ದಾಗ ಕೈ ಕೊಡುತ್ತೆ. ಛೆ, ಅಪ್ಪ ತನ್ನ ಕೆಲಸಾನ ತಾನೇ ಹಾಳ್ ಮಾಡ್ಕೊಂಡಿದಾನೆ. ಇಷ್ಟ್ ಬುದ್ಧಿ ಇದ್ದು ಇಷ್ಟ್ ದಡ್ಡತನಾನಾ?"

ಮಹಾನಂದಳಿಗೆ ಆ ಮಾತು ಕೇಳಿಸಿದಂತಿರಲಿಲ್ಲ. ಅವಳು ಪ್ರೊಸೆಸರನ್ನು ಮಗಳ ಕೈಯಿಂದ ಬಟ್ಟಲಿನ ಹಾಗೆ ಎರಡೂ ಕೈಯಲ್ಲಿ ಇಸಿದುಕೊಂಡಿದ್ದಳು. "ಭಾವ, ನೋಡಿ" ಎಂದಳು. "ದೇವ್ರಿಲ್ಲ ಅಂತ ಕೊರಳಿನ ಲಿಂಗ ಬಿಚ್ಚಿ ಬೀರುವಿನಲ್ಲಿಟ್ಟವ್ರು. ನಿಮ್ ಹತ್ರ ದಿನಾ ಹಣೆಗೆ ಹಚ್ಚಿಸ್ಕೋತಿದ್ರಲ್ಲ, ಅದಕ್ಕೂ ನನ್ ಹತ್ರ ಏನ್ ಹೇಳ್ತಿದ್ರು ಗೊತ್ತಾ? ಅದು ಅಣ್ಣಂಗೋಸ್ಕರ, ದೇವ್ರಿಗಲ್ಲ ಅಂತ. ಹೋಗೋವಾಗ್ಲೂ ದೇವರನ್ನ ನೆನೀಲಿಲ್ಲ ಅಂತ ನಂಗೆ ಎಷ್ಟ್ ಸಂಕಟ ಇತ್ತು. ಈಗ ನೋಡಿ. ಯಾರೂ ಇಲ್ದಾಗ, ತಮ್ ಕೈಯಾರೆ ಹಚ್ಚಿದಾರೆ." ಸೆರಗು ಹೊದ್ದು, ಆ ಬೂದಿಯನ್ನು ಬೆರಳಿಗೆ ತಗುಲಿದಷ್ಟನ್ನು ತೆಗೆದು ಕಣ್ಣಿಗೊತ್ತಿಕೊಂಡು, ಹಣೆಗೆ ಹಚ್ಚಿಕೊಂಡಳು. ಬೆಳಗಿನ ವಿಭೂತಿಯ ಮೇಲೆ ಇನ್ನೊಂದು ಮಾಸಲು ಪದರ. ಪ್ರಭುದೇವ ಬಾಯಿ ತೆರೆದ. ಎರಡು ವರ್ಷದಲ್ಲಿ ಅವಳ ಮುಖ ಹೀಗೆ ಸಡಿಲವಾದದ್ದನ್ನು ಅವನು ಕಂಡಿರಲಿಲ್ಲ. ಬಾಯಿ ಮುಚ್ಚಿದ. ಹೇಳುವ ಬಾಗಿಲು ಮತ್ತೆ ಮುಚ್ಚಿಕೊಂಡಿತು ಎನಿಸಿತು, ಈ ಸಲ ಒಳ್ಳೆಯ ಕಾರಣಕ್ಕೆ. ಹೋದ ಸಲವೂ ಆ ಕ್ಷಣಕ್ಕೆ ಕಾರಣ ಒಳ್ಳೆಯದಾಗಿಯೇ ಕಂಡಿತ್ತು.

"ಈ ಪಿನ್ ಎತ್ತೋಕೆ ಆಗುತ್ತಾ ಅಂತ. ನನ್ ಕೈ ನಡುಗುತ್ತೆ" ಎಂದು ಶರಣ್ಯ ತನಗೆ ತಾನೇ ಹೇಳಿಕೊಂಡಳು. ಆಮೇಲೆ ಅವನತ್ತ ತಿರುಗಿದಳು. "ದೊಡ್ಡಪ್ಪ, ನೀವು ಜರಿ ಎಳೆ ಎತ್ತೋವಾಗ ಸೂಜಿ ಹಿಡೀತೀರಲ್ಲ?" ಚಿಕ್ಕಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು ಅದು. ಸೀರೆಯ ಅಂಚಿನಲ್ಲಿ ಜರಿ ಸಿಕ್ಕಿಕೊಂಡರೆ, ಎಳೆ ಕಡಿಯದೆ ಎತ್ತಿ ಕೂರಿಸುವುದು ಪ್ರಭುದೇವನಿಂದಲೇ ಆಗಬೇಕು. ಬೇರೆ ಅಂಗಡಿಯವರೂ ಕಳಿಸಿಕೊಡುತ್ತಿದ್ದರು. ಎಳೆ ಎಣಿಸುವ ಸಣ್ಣ ಮಡಚುಗಾಜು ಅವನ ಜೇಬಿನಲ್ಲೇ ಇರುತ್ತಿತ್ತು. ಸೂಜಿಯನ್ನು ಮಹಾನಂದ ತಂದುಕೊಟ್ಟಳು. ಅವನು ಕುರ್ಚಿಯಲ್ಲಿ ಕೂತ. ಕೈಲಾಸನ ಕುರ್ಚಿ, ಎಡಕ್ಕೆ ಒಂದಿಷ್ಟು ವಾಲಿದ್ದು. ಗಾಜಿನೊಳಗೆ ಬಂಗಾರದ ಕೂದಲು ಭತ್ತದ ಪೈರಿನಷ್ಟು ದೊಡ್ಡದಾಗಿ ಕಂಡವು, ಮೂಲೆಯ ಎರಡು ಅಡ್ಡಬಿದ್ದಿದ್ದವು. ಇಷ್ಟು ಚಿಕ್ಕದಕ್ಕೆ ಇಷ್ಟು ವರ್ಷವೇ, ಎಂದುಕೊಂಡ.

ಆಗ ಅವನಿಗೆ ಹೊಳೆಯಿತು. ಇವು ಎದ್ದು ನಿಂತ ಮೇಲೂ ಯಂತ್ರ ನಿಂತುಹೋದರೆ, ತಪ್ಪು ತನ್ನದಲ್ಲ. ಬೇರೆ ಏನೋ ಇತ್ತು, ಯಾವುದೋ ಬಿಡಿಭಾಗದ ದೋಷ, ಕೈಲಾಸನ ಹಣೆಬರಹ. ಹದಿಮೂರು ವರ್ಷದ ಭಾರ ಈ ಮಧ್ಯಾಹ್ನಕ್ಕೆ ಇಳಿಯುತ್ತದೆ. ಯಂತ್ರ ಓಡಿಬಿಟ್ಟರೆ? ಆಗ ತಮ್ಮನ ಕೆಲಸ ಕೆಡಿಸಿದ್ದು ಈ ಕೈ, ಬೇರೆ ಏನೂ ಅಲ್ಲ. ಸೂಜಿ ಅವನ ಕೈಯಲ್ಲೇ ಇತ್ತು. ಕೂದಲೆಳೆಯಷ್ಟು ಜಾಸ್ತಿ ಒತ್ತಿದರೆ ಸಾಕು, ಕಡಿದುಹೋಗುತ್ತದೆ. ಹಳೆಯದು, ಏನು ಮಾಡೋದಮ್ಮ ಎಂದರೆ ಇಬ್ಬರೂ ನಂಬುತ್ತಾರೆ. ಬೆರಳು ಬೆವರಿತು. ಸೂಜಿಯ ಮೊನೆ ಕೂದಲಿಗೆ ತಾಗಿದ್ದು ಬೆರಳಿಗೆ ಗೊತ್ತಾಯಿತು. ಹಿಂದಿನಿಂದ ಯಾರೋ ಬಗ್ಗಿ ನೋಡುತ್ತಿದ್ದಾರೆ ಎನಿಸಿತು, ಅಂಗಡಿಯಲ್ಲಿ ಅವನು ಜರಿ ಎತ್ತುವಾಗ ಕೈಲಾಸ ಬಗ್ಗಿ ನೋಡುತ್ತಿದ್ದಂತೆ, ಉಸಿರು ಕತ್ತಿನ ಪಕ್ಕಕ್ಕೆ ತಾಗುವಷ್ಟು ಹತ್ತಿರ. ತಿರುಗಲಿಲ್ಲ. ತಿರುಗಿದರೆ ಯಾರೂ ಇರುವುದಿಲ್ಲ ಎಂಬುದೇ ಭಯವಾಗಿತ್ತು. ಆದರೆ ಕೈಗೆ ಅದರದೇ ಅಭ್ಯಾಸವಿತ್ತು. ನಲವತ್ತು ವರ್ಷ ಎಳೆ ಕಡಿಯದೆ ಎತ್ತಿದ ಕೈ ಅವನ ಮನಸ್ಸನ್ನು ಕೇಳಲಿಲ್ಲ. ಒಂದು ಎದ್ದಿತು. ಇನ್ನೊಂದು, ಸ್ವಲ್ಪ ಹಟ ಮಾಡಿ, ಅದೂ ಎದ್ದಿತು.

ಮತ್ತೆಲ್ಲ ಜೋಡಿಸುವ ಹೊತ್ತಿಗೆ ಹನ್ನೆರಡಾಗಿತ್ತು. ಶರಣ್ಯ ನಾಲ್ಕು ಪಾಯಿಂಟ್ ಆರು ಕೊಟ್ಟು, ಪರೀಕ್ಷೆ ಶುರುಮಾಡಿ, ಗಡಿಯಾರ ಒತ್ತಿದಳು. ಫ್ಯಾನಿನ ಸದ್ದು ಏರಿತು. ಹತ್ತು ನಿಮಿಷ. ಹದಿನೈದು. ಕುಕ್ಕರ್ ಕೂಗಿದ್ದನ್ನು ಮಹಾನಂದ ಓಡಿಹೋಗಿ ಆರಿಸಿ ಬಂದಳು. ಇಪ್ಪತ್ತು. ನಿಲ್ಲಲಿ, ಎಂದು ಪ್ರಭುದೇವ ಬೇಡಿಕೊಂಡ. ಶಿವಾ, ಹೋದ ಸಲ ನಿನ್ನ ಹೆಸರಿನಲ್ಲೇ ಮಾಡಿದೆ, ಈ ಸಲ ನೀನು ನಿಲ್ಲಿಸು. ಇಪ್ಪತ್ತಾರು. ಮೂವತ್ತು. ಮೂವತ್ತೊಂದಕ್ಕೆ ಶರಣ್ಯ ಎರಡೂ ಕೈ ಬಾಯಿಗೆ ಅಡ್ಡ ಹಿಡಿದುಕೊಂಡಳು, ಕಣ್ಣು ತುಂಬಿತ್ತು. ನಲವತ್ತು. ಯಂತ್ರ ಏನೂ ಆಗಿಯೇ ಇಲ್ಲವೆಂಬ ಹಾಗೆ ಓಡುತ್ತಿತ್ತು. "ಅಪ್ಪ ಸರಿಯಾಗಿದ್ದ. ಪೂರ್ತಿ ಸರಿಯಾಗಿದ್ದ" ಎಂದಳು. "ಅಷ್ಟೊಂದು ವಿಭೂತಿ ಹಚ್ಚದೆ ಇದ್ದಿದ್ರೆ..." ಪ್ರಭುದೇವನಿಗೆ ಕಿವಿಯಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳದಾಯಿತು. ಶಂಭುಲಿಂಗಪ್ಪ ಬೆನ್ನು ತಟ್ಟಿ ಎದ್ದದ್ದು, ಕೈಲಾಸ ಮೆತ್ತೆಯ ಮೇಲೆ ಕಾಲು ಮಡಚಿ ಕೂತು ಹತ್ತು ವರ್ಷ ಸೀರೆ ಬಿಚ್ಚಿ ಸೀರೆ ಮಡಿಸಿದ್ದು, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ರಸೀದಿಯ ಹಿಂದೆ ಸಣ್ಣ ಸಣ್ಣ ಸಂಖ್ಯೆ ಬರೆದು ಹರಿದುಹಾಕುತ್ತಿದ್ದದ್ದು. ಡೆಂಗೆ ಜ್ವರದ ಆರನೆಯ ದಿನ ಆಸ್ಪತ್ರೆಯಲ್ಲಿ, ಕಣ್ಣು ಬಿಡಲಾರದೆ, "ಅಣ್ಣ, ಹಚ್ಚು" ಎಂದದ್ದು.

ಮಹಾನಂದ ದೇವರಮನೆಗೆ ಹೋದಳು. ಶರಣ್ಯ ಈ ದಿನದ ಸಾಲು ಬರೆಯಲೆಂದು ನೋಟ್‌ಬುಕ್ಕಿನ ಖಾಲಿ ಹಾಳೆಗಳನ್ನು ಮಗುಚಿ ಕೊನೆಯ ಪುಟಕ್ಕೆ ಬಂದವಳು, "ಇಲ್ಲೊಂದು ಇದೆ" ಎಂದಳು. "ಹತ್ತು ಹನ್ನೊಂದು ಹದಿಮೂರು, ಭಾನುವಾರ. 'ಇವತ್ತು ಬಿಚ್ಚಿ ನೋಡಿದೆ. ಗೊತ್ತಾಯಿತು. ಹಾಗೇ ಮುಚ್ಚಿದೆ.' ಅಷ್ಟೆ." ಅವಳ ಹುಬ್ಬು ಗಂಟಿಕ್ಕಿತು. "ಗೊತ್ತಾಗಿತ್ತಾ? ಪಿನ್ ನೋಡಿದ್ನಾ? ಎತ್ತೋದು ಹತ್ ನಿಮಿಷದ ಕೆಲಸ. ಯಾಕ್ ಎತ್ಲಿಲ್ಲ? ತಾನೇ ಹಚ್ಚಿದ್ದಾದ್ರೆ, ಗೊತ್ತಾಯಿತು ಅಂತ ಯಾಕ್ ಬರೀತಾನೆ? ದೊಡ್ಡಪ್ಪ, ಏನ್ ಗೊತ್ತಾಯ್ತು ಅಪ್ಪಂಗೆ?"

ಭಾನುವಾರ. ಅದರ ಮರುದಿನ ಕಾರ್ತಿಕ ಸೋಮವಾರ. ಪ್ರಭುದೇವನಿಗೆ ಆ ಸೋಮವಾರ ಚೆನ್ನಾಗಿ ನೆನಪಿತ್ತು, ಅವನ ಜೀವನದ ಒಳ್ಳೆಯ ದಿನಗಳಲ್ಲಿ ಒಂದೆಂದು ಎತ್ತಿಟ್ಟುಕೊಂಡಿದ್ದ. ಅಂಗಡಿಗೆ ಬಂದು ತಿಂಗಳುಗಳಾದರೂ ಬಾಯಿ ಬಿಡದೆ ಇದ್ದ ಕೈಲಾಸ, ಅಂದು ಬೆಳಿಗ್ಗೆ ತಾನಾಗಿ ಕೆಳಗಿಳಿದು ಬಂದು, ಅಣ್ಣನ ಪೂಜೆ ಮುಗಿಯುವವರೆಗೆ ಬಾಗಿಲಲ್ಲಿ ನಿಂತು, "ಅಣ್ಣ, ಹಚ್ಚು" ಎಂದು ಹಣೆ ಒಡ್ಡಿದ್ದ. ಹಚ್ಚುವಾಗ ಕಣ್ಣು ಮುಚ್ಚಿರಲಿಲ್ಲ. ನೇರವಾಗಿ ನೋಡುತ್ತಿದ್ದ. ಆಮೇಲೆ ದಿನವೂ ಬಂದ. ಹತ್ತು ವರ್ಷ, ಒಂದು ದಿನ ತಪ್ಪದೆ. ತಮ್ಮ ಒಳ್ಳೆಯ ದಾರಿಗೆ ಬಂದನೆಂದು ಪ್ರಭುದೇವ ಅಂಗಡಿ ಬೀದಿಯಲ್ಲೆಲ್ಲ ಹೇಳಿಕೊಂಡಿದ್ದ. ದಿನಾ ಬೆಳಿಗ್ಗೆ ಆ ಮೂರು ಬೆರಳನ್ನೇ ತನ್ನ ಹಣೆಯ ಮೇಲೆ ಇಡಿಸಿಕೊಂಡು ಅವನು ಏನು ಹೇಳುತ್ತಿದ್ದ? ಬಿಡು ಎಂದೇ? ಬಿಡುವುದಿಲ್ಲ ಎಂದೇ? ಕೂರಿಸಿ ಸಮಾಧಿ ಮಾಡುವ ಮೊದಲು ತಣ್ಣಗಿನ ಹಣೆಗೆ ಕೊನೆಯ ಸಲ ಹಚ್ಚಿದ್ದೂ ಈ ಬೆರಳೇ. ಅಂದು ಮಾತ್ರ ಆ ಹಣೆ ತಾನಾಗಿ ಒಡ್ಡಿದ್ದಲ್ಲ. ಇನ್ನು ಕೇಳಲು ಯಾರೂ ಇರಲಿಲ್ಲ, ಮತ್ತು ಇನ್ನು ಮುಂದೆ ಪ್ರತಿ ಬೆಳಿಗ್ಗೆ ಅವನು ಕೇಳುತ್ತಲೇ ಇರಬೇಕಾಗಿತ್ತು.

ಮಹಾನಂದ ತಟ್ಟೆಯಲ್ಲಿ ವಿಭೂತಿ ಗಟ್ಟಿ ಇಟ್ಟುಕೊಂಡು ಬಂದಳು. ಮುಖ ತೊಳೆದ ಹಾಗೆ ಹಗುರವಾಗಿದ್ದಳು. "ಭಾವ, ಅವ್ರ ಕಂಪ್ಯೂಟರ್ ಓಡ್ತಲ್ಲ. ಮೇಲುಗಡೆ ಪೆಟ್ಟಿಗೆಗೆ ಹಚ್ಚಿ. ಮನೆ ಹಿರಿಯರು ನೀವು" ಎಂದು ತಟ್ಟೆ ಚಾಚಿದಳು. ಪ್ರಭುದೇವನ ಕೈ ತಾನಾಗಿ ಮೇಲೆದ್ದು, ತಟ್ಟೆಯ ಮೇಲೆ ಬಂದು, ಅಲ್ಲೇ ನಿಂತಿತು.

"ಕೂತ್ಕೊ ಮಹಾನಂದ" ಎಂದ. ದನಿ ಅವನಿಗೇ ಪರಿಚಯವಿರಲಿಲ್ಲ. "ಒಳಗೆ ಇದ್ದಿದ್ದು ಕೈಲಾಸ ಹಚ್ಚಿದ್ದಲ್ಲ. ನಾನು ಹಚ್ಚಿದ್ದು. ಆ ತಂತಿ ಬಗ್ಗಿದ್ದು ನನ್ ಕೈಯಿಂದ. ಮುಟ್ಟಿದ್ಯಾ ಅಂತ ಅವನು ಕೇಳ್ದ. ಇಲ್ಲ ಅಂದೆ. ಅದಾದ್ಮೇಲೂ ಹೇಳ್ಲಿಲ್ಲ. ಅವನು ಅಂಗಡಿಗೆ ಬಂದಾಗ ನಂಗೆ ಖುಷಿಯಾಯ್ತು, ಅದಕ್ಕೂ ಹೇಳ್ಲಿಲ್ಲ."

ಶರಣ್ಯ ಅವನನ್ನು ನೋಡಲಿಲ್ಲ. ನೋಟ್‌ಬುಕ್ಕಿನ ಆ ಸಾಲನ್ನು ನೋಡುತ್ತಿದ್ದಳು. ಅವಳ ತುಟಿ ಅದನ್ನು ಮತ್ತೆ ಓದಿಕೊಂಡಿತು. ಮಹಾನಂದ ಕೂರಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಅವ್ರಿಗೆ ಗೊತ್ತಿತ್ತಾ?"

ಶರಣ್ಯ ನೋಟ್‌ಬುಕ್ಕನ್ನು ಅಮ್ಮನತ್ತ ಸರಿಸಿದಳು. ಮಹಾನಂದ ಓದಿದಳು. ಮೂರು ಪುಟ್ಟ ವಾಕ್ಯ ಓದಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

"ಅಣ್ಣಂಗೋಸ್ಕರ ಅಂತಿದ್ರು" ಎಂದಳು, ತೀರ ಮೆತ್ತಗೆ. ಆಮೇಲೆ ಸೆರಗಿನ ತುದಿ ತೆಗೆದು ಹಣೆ ಒರೆಸಿಕೊಂಡಳು. ಒಂದು ಸಲಕ್ಕೆ ಹೋಗಲಿಲ್ಲ. ತುದಿಯನ್ನು ಎಂಜಲಲ್ಲಿ ಒದ್ದೆ ಮಾಡಿಕೊಂಡು, ಅವನ ಎದುರಿಗೇ ನಿಂತು, ಚರ್ಮ ಕೆಂಪಾಗುವವರೆಗೆ ಮತ್ತೆ ಒರೆಸಿಕೊಂಡಳು. ಮೇಜಿನ ಮೇಲೆ ಯಂತ್ರ ಓಡುತ್ತಲೇ ಇತ್ತು.